ಕಾಗದದಮ್ಮನ ನಲವತ್ತೊಂದನೆಯ ಪುಟ

ಪ್ರಯೋಗಾಲಯದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಾಗದದಮ್ಮ ಎಂದರೆ ಸಾಕು, ಆಸ್ಪತ್ರೆಯ ಲಿಫ್ಟಿನವನಿಗೂ ಗೊತ್ತು. ಇಪ್ಪತ್ತಾರು ವರ್ಷ ಒಂದೇ ಮೇಜು, ಒಂದೇ ಕುರ್ಚಿ. ಕುರ್ಚಿಯ ಸ್ಪಂಜು ಎಂದೋ ಕಿತ್ತುಹೋಗಿ, ಮನೆಯಿಂದ ತಂದಿಟ್ಟ ದಿಂಬೂ ಈಗ ಚಪ್ಪಟೆಯಾಗಿತ್ತು. ಬೆನ್ನುನೋವು, ಮಂಡಿನೋವು, ಸಾಲದ್ದಕ್ಕೆ ಹೊಸ ಯಂತ್ರ ಬಂದಾಗಲೆಲ್ಲ ಹೊಸ ತರಬೇತಿ. ನಿವೃತ್ತಿಗೆ ನಾಲ್ಕೇ ವರ್ಷ ಅಲ್ಲವೇ ಎಂದು ಯಾರಾದರೂ ಸಮಾಧಾನ ಹೇಳಿದರೆ, ಇನ್ನೂ ನಾಲ್ಕಾ ಎನ್ನುತ್ತಿದ್ದಳು.

ತಾನು ಮಾಡುವ ಕೆಲಸವನ್ನು ನೆಂಟರಿಗೆ ತಿಳಿಸಿ ಹೇಳುವಷ್ಟರಲ್ಲಿ ಅವಳಿಗೆ ಸಾಕುಸಾಕಾಗುತ್ತಿತ್ತು. ಮಿದುಳಿನಲ್ಲಿ ಗೆಡ್ಡೆ ಬೆಳೆದವರಿಗೆ ಕೊಡುವ ಕ್ಯಾನ್ಸರ್ ಔಷಧಿ ರಕ್ತಕ್ಕೇನೋ ಸೇರುತ್ತದೆ. ಅಲ್ಲಿಂದ ಮಿದುಳಿನ ಒಳಕ್ಕೆ ಹೋಗುತ್ತದೆಯೋ ಇಲ್ಲವೋ ಎನ್ನುವುದೇ ಪ್ರಶ್ನೆ. ಮಿದುಳು ಕಂಡಕಂಡವರನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ಪೈಕಿಯಲ್ಲ. ಅದಕ್ಕೇ, ಒಪ್ಪಿದ ರೋಗಿಗಳಿಗೆ ಆಪರೇಷನ್ನಿನ ದಿನ ಬೆಳಿಗ್ಗೆ ಹೊಸ ಔಷಧಿಯ ಮಾತ್ರೆಯೊಂದನ್ನು ಕೊಟ್ಟು, ತೆಗೆದ ಗೆಡ್ಡೆಯ ಒಂದು ಚೂರನ್ನು ಐಸಿನ ಡಬ್ಬಿಯಲ್ಲಿಟ್ಟು ಇವಳ ಮೇಜಿಗೆ ಕಳಿಸುತ್ತಿದ್ದರು. ಕಡಲೆಕಾಳಿನಷ್ಟು ಚೂರು. ಅದನ್ನು ತಣ್ಣನೆಯ ಉಪ್ಪುನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಹೀರುವ ಕಾಗದದ ಮೇಲೆ ಜಾಗ ಬದಲಿಸಿ ಮೂರು ಸಲ ಒತ್ತಿ, ತೂಗಿ, ಎರಡು ಪಾಲು ಮಾಡಬೇಕು. ಒಂದು ಪಾಲು ಫ್ರೀಜರಿಗೆ, ಇನ್ನೊಂದನ್ನು ಅರೆದು ಯಂತ್ರಕ್ಕೆ. ಚೂರಿನಲ್ಲಿ ಔಷಧಿ ಎಷ್ಟಿದೆ ಎಂದು ಮಾರನೆಯ ದಿನ ಯಂತ್ರ ಒಂದು ಸಂಖ್ಯೆ ಹೇಳುತ್ತದೆ.

ಇದರಲ್ಲಿ ಒತ್ತುವುದೇ ಜೀವಾಳ. ಚೂರಿನಲ್ಲಿ ರಕ್ತ ಉಳಿದರೆ ಆ ರಕ್ತದಲ್ಲಿರುವ ಔಷಧಿಯೂ ಲೆಕ್ಕಕ್ಕೆ ಸೇರಿ, ಬಾಗಿಲಾಚೆ ನಿಂತವರನ್ನೂ ಮನೆಯೊಳಗಿದ್ದಾರೆಂದು ಎಣಿಸಿದ ಹಾಗಾಗುತ್ತದೆ. ಒತ್ತಿದ ಕಾಗದವನ್ನು ಬೇರೆಯವರು ಬುಟ್ಟಿಗೆ ಎಸೆದರೆ, ಅವಳು ಒಣಗಿಸಿ, ಪ್ಲಾಸ್ಟಿಕ್ ಹೊದಿಸಿ, ತನ್ನ ಉದ್ದನೆಯ ಪುಸ್ತಕಕ್ಕೆ ಅಂಟಿಸುತ್ತಿದ್ದಳು. ಪ್ರತಿ ಪುಟದಲ್ಲೂ ಮೂರು ಕಂದು ಕಲೆ: ಮೊದಲನೆಯದು ದಟ್ಟ, ಎರಡನೆಯದು ಮಾಸಲು, ಮೂರನೆಯದು ಇದ್ದೂ ಇಲ್ಲದ ಹಾಗೆ. ಹೆಸರು ಬಂದದ್ದು ಇದರಿಂದಲೇ. ಹುಡುಗಿಯರು ಕಿಸಕ್ಕೆಂದು ನಕ್ಕರೆ ನಕ್ಕುಕೊಳ್ಳಲಿ, ಯಂತ್ರ ಕೆಟ್ಟರೂ ಕಾಗದ ಕೆಡುವುದಿಲ್ಲ ಎಂಬುದು ಅವಳ ವಾದ.

ಹಿಂದಿನ ವರ್ಷ ಅವಳ ಅಕ್ಕನಿಗೆ ಗೆಡ್ಡೆ ಕಂಡಿತು. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ಇವಳನ್ನು ಸಾಕಿದವಳೇ ಅಕ್ಕ. ಹೊಲಿಗೆ ಯಂತ್ರ ತುಳಿದು ಓದಿಸಿದಳು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಮೊಣಕಾಲಿನ ನಡುವೆ ಕೂರಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ಜಗ್ಗಿ ತಲೆ ಬಾಚಿದಳು. ಅಯ್ಯೋ ಎಂದರೆ ಕೇಳುವವಳೇ ಅಲ್ಲ, ಗಂಟು ಉಳಿದರೆ ನಾಳೆ ಇನ್ನೂ ನೋಯುತ್ತದೆ ಎನ್ನುತ್ತಿದ್ದಳು. ಔಷಧಿಯ ಪರೀಕ್ಷೆಗೆ ಸೇರಿಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದಾಗ, ತಂಗಿಯ ಕೈಗೇ ಹೋಗುವುದಾದರೆ ನನ್ನದೇನು ಅಡ್ಡಿ ಎಂದು ರುಜು ಹಾಕಿದಳು.

ಡಬ್ಬಿಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆದರೆ ಆ ದಿನ ಇದ್ದದ್ದು ಒಂದೇ ಆಪರೇಷನ್. ಬೇರೆಯವರಿಗೆ ಕೊಡೋಣವೆಂದರೆ ಈ ಕೆಲಸ ಬಲ್ಲ ಇನ್ನೊಬ್ಬಳು ಬಾಣಂತನಕ್ಕೆ ರಜೆ ಹಾಕಿದ್ದಳು. ನಲವತ್ತೊಂದು ಎಂದು ಬರೆದಿದ್ದ ಡಬ್ಬಿಯನ್ನು ತೆರೆದು, ತನ್ನ ಪಾಡಿಗೆ ತಾನು ಕೆಲಸ ಮುಗಿಸಿದಳು, ಅಥವಾ ಮುಗಿಸಿದೆನೆಂದುಕೊಂಡಳು. ಅದುವರೆಗಿನ ನಲವತ್ತು ರೋಗಿಗಳಲ್ಲಿ ಒಬ್ಬರದೂ ಒಂದನ್ನು ದಾಟಿರಲಿಲ್ಲ. ಅಕ್ಕನದು ಎಂಟು ಚಿಲ್ಲರೆ ಬಂತು.

ಅವಳು ಹಿಗ್ಗಿ ಹೀರೇಕಾಯಿಯಾದಳು. ಔಷಧಿ ನಿಮಗೆ ತಲುಪುತ್ತಿದೆ, ಆರು ಸುತ್ತು ತಗೊಳ್ಳಿ ಎಂದರು ಡಾಕ್ಟರು. ಒಲ್ಲೆ ಎನ್ನುತ್ತಿದ್ದ ಅಕ್ಕನ ಮುಂದೆ ಇವಳು ಕೂತು, ಎಂಟು ಅಕ್ಕ, ಎಂಟು, ಎಂದು ಹತ್ತು ಸಲ ಹೇಳಿ ಒಪ್ಪಿಸಿದಳು. ಮೂರು ಸುತ್ತಿನಲ್ಲಿ ಅಕ್ಕ ಹಿಡಿಯಷ್ಟಾದಳು. ಬಾಯಿತುಂಬ ಹುಣ್ಣು, ಅನ್ನದ ವಾಸನೆಗೇ ವಾಂತಿ, ತಲೆಯಲ್ಲಿ ಒಂದು ಕೂದಲಿಲ್ಲ. ಕೆಲಸದಿಂದ ಬಂದು ಬಕೆಟ್ಟು ತೊಳೆದು, ಹಾಸಿಗೆ ಬದಲಿಸಿ, ಬೆಳಿಗ್ಗೆ ಎದ್ದು ಮತ್ತೆ ತೊಳೆದು ಕೆಲಸಕ್ಕೆ ಹೋಗುವಾಗ ಇವಳಿಗೆ ಮೆಟ್ಟಿಲಿಳಿಯುವ ತ್ರಾಣವೂ ಇರುತ್ತಿರಲಿಲ್ಲ. ಎಂಟು ಎಂದುಕೊಂಡು ಇಳಿಯುತ್ತಿದ್ದಳು.

ನಾಲ್ಕನೆಯ ಸುತ್ತಿಗೆ ಎರಡು ದಿನವಿದ್ದಾಗ ಪ್ರಯೋಗಾಲಯದ ಮುಖ್ಯಸ್ಥರು ಕರೆದರು. ವರದಿ ಬರೆಯುತ್ತಿದ್ದ ಅವರಿಗೆ ಆ ಒಂದು ಸಂಖ್ಯೆ ಮಾತ್ರ ಏಕೆ ಅಷ್ಟು ಮೇಲೆ ಹೋಗಿದೆ ಎಂಬುದಕ್ಕೆ ಕಾರಣ ಬೇಕಿತ್ತು. ನಿಮ್ಮ ಪುಸ್ತಕದಲ್ಲಿ ಏನಾದರೂ ಬರೆದಿದ್ದೀರಾ ನೋಡಿ ಎಂದರು.

ಆ ಪುಟವನ್ನು ಅಂಟಿಸುವಾಗಲೂ ಅವಳು ಕಣ್ಣಿಟ್ಟು ನೋಡಿರಲಿಲ್ಲ, ಆಮೇಲೆ ತೆರೆದಿರಲೇ ಇಲ್ಲ. ಈಗ ತೆರೆದಳು. ಕಾಗದದ ಮೇಲೆ ಒಂದೇ ಕಲೆ, ಅದೂ ಉಗುರಿನಷ್ಟು, ತೀರಾ ತಿಳಿ ಕಂದು. ರಕ್ತವೆಲ್ಲ ಚೂರಿನಲ್ಲೇ ಉಳಿದಿತ್ತು. ಆಗ ಕೈಗೆ ನೆನಪಾಯಿತು. ಕಾಗದ ಮಡಿಸಿ ಇನ್ನೇನು ಒತ್ತಬೇಕು, ಅಕ್ಕನ ತಲೆ ಎನ್ನಿಸಿ ಬೆರಳು ಸುಮ್ಮನೆ ಸವರಿಕೊಂಡು ಎದ್ದಿತ್ತು. ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ.

ಫ್ರೀಜರಿನಲ್ಲಿ ಉಳಿದ ಪಾಲಿತ್ತು. ಅದರಲ್ಲಿ ಎಷ್ಟು ರಕ್ತವಿದೆ ಎಂದು ಅಳೆಯುವ ದಾರಿಯೂ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅಳೆದಳು. ಚೂರಿನ ಐದನೇ ಒಂದು ಪಾಲು ಬರೀ ರಕ್ತ. ಆಪರೇಷನ್ನಿನ ದಿನವೇ ಅಳೆದಿದ್ದ ಪ್ರಕಾರ ಅಕ್ಕನ ರಕ್ತದಲ್ಲಿ ಔಷಧಿ ನಲವತ್ತು. ಐದನೇ ಒಂದು ಎಂದರೆ ಎಂಟು. ಕಳೆದರೆ ಮಿದುಳಿಗೆ ಉಳಿದದ್ದು ಆ ಚಿಲ್ಲರೆ ಮಾತ್ರ, ಉಳಿದ ನಲವತ್ತು ಜನರ ಹಾಗೆಯೇ.

ಮುಖ್ಯಸ್ಥರ ಮುಂದೆ ಪುಸ್ತಕ ಇಟ್ಟು ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಎರಡು ವರ್ಷದ ಕೆಲಸದಲ್ಲಿ ಅವರಿಗಿದ್ದ ಆಸೆಯೂ ಅದೊಂದೇ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು, ಬೈಯಲಿಲ್ಲ. ಡಾಕ್ಟರಿಗೆ ಫೋನು ಹೋಯಿತು. ನಾಲ್ಕನೆಯ ಸುತ್ತು ಬೇಡ, ರೋಗಿಗೆ ನಾನೇ ತಿಳಿಸುತ್ತೇನೆ ಎಂದರು ಡಾಕ್ಟರು. ಅಕ್ಕನಿಗೆ ನಾನು ಹೇಳುತ್ತೇನೆ ಸರ್ ಎಂದು ಅವಳು ಬೇಡಿಕೊಂಡಳು.

ಸಂಜೆ ಅಕ್ಕ ಕಿಟಕಿಯ ಪಕ್ಕ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಇವಳು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಹೋಗಿ ನೆಲದ ಮೇಲೆ ಕೂತು, ಒಂದನ್ನೂ ಬಿಡದೆ ಹೇಳಿದಳು. ಔಷಧಿ ತಲುಪಲೇ ಇಲ್ಲ, ಮೂರು ತಿಂಗಳು ನಿನ್ನನ್ನು ಸುಮ್ಮನೆ ಸಾಯಿಸಿದೆ ಎಂದಳು. ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಒತ್ತಿದ್ರೆ ನಂಗೆ ನೋಯುತ್ತೆ ಅಂದ್ಕೊಂಡ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಿನ್ನ ತಲೆ ಬಾಚೋವಾಗ ನಾನು ಒಂದಿನನಾದ್ರೂ ಕೈ ಸಡಿಲ ಬಿಟ್ಟಿದ್ನಾ?" ಎಂದ ಅಕ್ಕ, ಸ್ವಲ್ಪ ಸುಧಾರಿಸಿಕೊಂಡು, ಹಾಗಾದರೆ ನಾಡಿದ್ದು ಹೋಗುವುದು ಬೇಡವಲ್ಲ ಎಂದು ಕೇಳಿದಳು. ಬೇಡ ಎಂದು ಇವಳು ಹೇಳಿದಾಗ ಅಕ್ಕನ ಬಿಗಿದ ಭುಜ ಸಡಿಲವಾಯಿತು.

"ಮೊದಲ್ನೇ ಸುತ್ತಲ್ಲೇ ಬಿಟ್ಬಿಡೋಣ ಅನ್ನಿಸಿತ್ತು ಕಣೇ. ಎಂಟು ಅಂತ ಹೇಳ್ದಾಗ ನಿನ್ನ ಮುಖ ನೋಡಿದ್ನಲ್ಲ, ಹೇಗೆ ಬಿಡ್ಲಿ? ಅದಕ್ಕೇ ನುಂಗ್ತಾ ಬಂದೆ."

ಅಕ್ಕ ಅವಳ ಜಡೆ ನೋಡಿ, ಇದೇನೇ ಈ ಅವತಾರ, ಎಷ್ಟು ದಿನವಾಯಿತು ಬಾಚಿ, ಬಾಚಣಿಗೆ ಕೊಡು ಎಂದಳು. ಅಪ್ಪನ ಕಾಲದ ಮರದ ಬಾಚಣಿಗೆ, ಮೂರು ತಿಂಗಳಿಂದ ಕಪಾಟಿನಲ್ಲಿತ್ತು. ತಂದುಕೊಟ್ಟು, ಅರ್ಧ ನರೆತ ಕೂದಲನ್ನು ಬಿಚ್ಚಿ, ಅಕ್ಕನ ಮೊಣಕಾಲಿನ ನಡುವೆ ಬೆನ್ನು ಹಾಕಿ ಕೂತಳು. ಬಾಚಣಿಗೆ ನೆತ್ತಿಯಿಂದ ಇಳಿದು, ಕುತ್ತಿಗೆಯ ಹತ್ತಿರ ಗಂಟಿಗೆ ಸಿಕ್ಕಿ ನಿಂತಿತು. ಈಗ ಜಗ್ಗುತ್ತಾಳೆ ಎಂದು ಅವಳು ಹಲ್ಲು ಕಚ್ಚಿಕೊಂಡು ಕಾದಳು. ಅಕ್ಕ ಎಳೆಯುತ್ತಿದ್ದಳು, ಎರಡು ಸಲ, ಮೂರು ಸಲ, ಇದ್ದ ಬಲವನ್ನೆಲ್ಲ ಹಾಕಿ. ಒಂಚೂರೂ ನೋಯಲಿಲ್ಲ. ಅವಳು ಆಗ ಅತ್ತಳು.