ಇನ್ನೊಂದ್ಸಲ ನೋಡಿಬಿಡ್ತೀನಿ

ಸರಸ್ವತಿ ನಗರದಾಗ ನಮ್ಮ ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು ಮಡಕೆಯಲ್ಲಿ ಗುಂಡುಹುಳ ಸಾಕಿದ್ದರು. ಒದ್ದೆ ಇಟ್ಟಿಗೆಯ ಕೆಳಗೆ ಇರ್ತಾವಲ್ಲ, ಮುಟ್ಟಿದರೆ ಮೆಣಸಿನಕಾಳಿನಂತೆ ಉಂಡೆಯಾಗುವವು, ಅವೇ. ಹರಿಹರದ ಹೊಳೆದಂಡೆಯಿಂದ ತಂದಿದ್ದರು. ಹೇಗಾದರೂ ಮರಿ ಮಾಡಿಸಬೇಕೆಂದು ಅವರ ಆಸೆ. ತಂಪು, ಕತ್ತಲು, ಒಣ ಎಲೆ, ಸೀಮೆಸುಣ್ಣದ ಚೂರು ಎಲ್ಲ ಕೊಟ್ಟರು. ನೆಮ್ಮದಿ ಮಾತ್ರ ಕೊಡಲಿಲ್ಲ. ಗಳಿಗೆಗೊಮ್ಮೆ ಕನ್ನಡಕ ಹಣೆಗೇರಿಸಿ, “ಇನ್ನೊಂದ್ಸಲ ನೋಡಿಬಿಡ್ತೀನಿ” ಎಂದು ಎಲೆ ಕೆದಕುವರು. ಹುಳ ಸತ್ತು ಸತ್ತು ಆರೇ ಉಳಿದವು.

“ಬಾಣಂತಿ ಕೋಣೆಗೆ ಹಿಂಗ ಇಣುಕ್ತಾರೇನ್ರಿ ಮೇಷ್ಟ್ರೆ? ಕೊಡ್ರಿ ಇಲ್ಲಿ” ಎಂದು ಮಡಕೆಯನ್ನು ನಮ್ಮ ದೇವರ ಕೋಣೆಯ ಮೂಲೆಗಿಟ್ಟೆ. ಸ್ನಾನ ಮಾಡದವರು ಅಲ್ಲಿಗೆ ಬರುವಂತಿಲ್ಲ. ಶಿವನಿಗೇರಿಸಿ ಬಾಡಿದ ಪತ್ರೆಯನ್ನೇ ಅವಕ್ಕೆ ಹಾಕಿದೆ; ಅವೂ ಅವನ ಮಕ್ಕಳೇ.

ಮೇಷ್ಟ್ರು ಸಂಜೆ ಬಂದು “ತಂಗೀ, ಇನ್ನೊಂದ್ಸಲ...” ಅನ್ನುವರು. “ಸ್ನಾನ ಆಗೇತೇನ್ರಿ?” ಅಂದರೆ ಪೆಚ್ಚಾಗಿ ಹಿಂದಿರುಗುವರು.

ಎರಡು ತಿಂಗಳ ಮೇಲೆ ಒಂದು ಸೋಮವಾರ ಎಲೆಯ ಕೆಳಗೆ ರವೆಯಂಥ ಬಿಳಿ ಮರಿಗಳು ಹರಿದಾಡಿದವು. ಕೂಗಿದೆ. ಮೇಷ್ಟ್ರು ಓಡಿ ಬಂದು ಹೊಸ್ತಿಲಲ್ಲೇ ನಿಂತರು. “ಸ್ನಾನ ಆಗಿಲ್ಲ ತಂಗಿ.”

“ಬರ್ರಿ ಒಳಗೆ. ಇವತ್ತೊಂದಿನ ಶಿವ ಏನೂ ಅನ್ನಂಗಿಲ್ಲ.”

ಅವರು ಕನ್ನಡಕ ಹಣೆಗೇರಿಸಿದರು, ಮತ್ತೆ ಇಳಿಸಿದರು. “ಬ್ಯಾಡ ತಂಗಿ, ಮುಚ್ಚಿಬಿಡು. ಹೆದರ್ತಾವು.”