ಬ್ಯಾಟರಿಯಿಲ್ಲದ ಪೆಟ್ಟಿಗೆ

ದೆವ್ವ, ಪವಾಡ ಅಂದರೆ ನಗುತ್ತಿದ್ದವನು ನಾನು. ವೈರು ಕಿತ್ತರೆ ದೀಪ ಆರುತ್ತದೆ. ನನ್ನ ಓದು, ನನ್ನ ನಂಬಿಕೆ ಎರಡೂ ಅಷ್ಟೇ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಓಕ್ಲ್ಯಾಂಡಿನ ಆ ಮಧ್ಯಾಹ್ನಕ್ಕೆ ಏನೆನ್ನಬೇಕೋ ತಿಳಿಯುತ್ತಿಲ್ಲ.

ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಕ್ಯಾಲಿಫೋರ್ನಿಯಾದಲ್ಲೂ ಲೋಡ್ ಶೆಡ್ಡಿಂಗ್ ಶುರುವಾಗಿತ್ತು. "ಬೆಂಗಳೂರು ಬಿಟ್ಟು ಬಂದ್ರೂ ಕರೆಂಟ್ ಕಾಟ ತಪ್ಲಿಲ್ಲ ನೋಡಿ" ಎಂದು ಡಾಕ್ಟರ್ ಶೈಲಜಾ ನಗುತ್ತಿದ್ದರು. ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಅವರ ಸುಪರ್ದಿ. ಅದಕ್ಕೆ ಕರೆಂಟು ತಪ್ಪದಂತೆ ಕಾಯುವ ಯುಪಿಎಸ್ಸು ನನ್ನದು.

ಅಂದು ಬೆಳಿಗ್ಗೆ ಯುಪಿಎಸ್ಸಿನ ಹಳೆಯ ಬ್ಯಾಟರಿಗಳನ್ನೆಲ್ಲ ಬಿಚ್ಚಿ ಕಾರಿಡಾರಿನ ಟ್ರಾಲಿಗೆ ಹಾಕಿದ್ದೆ. ಹೊಸವು ಮಿಲ್ಪಿಟಾಸ್ ಊರಿನ ಅಂಗಡಿಯಿಂದ ಬರಬೇಕಿತ್ತು. ಅಷ್ಟರಲ್ಲಿ ವಾರ್ಡಿನಿಂದ ಒಂದು ಪುಟ್ಟ ಹುಡುಗಿಯ ಕಿಡ್ನಿಯಿಂದ ಪರೀಕ್ಷೆಗೆಂದು ತೆಗೆದ ಚೂರು ಬಂತು. ಮಗುವಿನ ಮೈ ದಿನೇ ದಿನೇ ಊದುತ್ತಿತ್ತು. ಯಾವ ಔಷಧ ಕೊಡಬೇಕೆಂದು ನಮ್ಮ ಚಿತ್ರ ನೋಡಿಯೇ ತೀರ್ಮಾನಿಸಬೇಕು. ನಡುವೆ ಕರೆಂಟು ಹೋದರೆ ಮೈಕ್ರೋಸ್ಕೋಪು ಮತ್ತೆ ಸರಿಹೋಗಲು ದಿನಗಳೇ ಹಿಡಿಯುತ್ತವೆ. "ಕಾಯಕ್ಕಾಗಲ್ಲ ಕಣ್ರೀ, ಆಗಿದ್ದಾಗ್ಲಿ" ಎಂದು ಶೈಲಜಾ ಶುರುಮಾಡಿಯೇ ಬಿಟ್ಟರು.

ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆ ಗವ್ವೆನ್ನುವ ಕತ್ತಲಾಯಿತು. ಪಕ್ಕದ ಕೋಣೆಯಲ್ಲಿ ಯುಪಿಎಸ್ಸು ಬೀಪ್ ಬೀಪ್ ಎನ್ನತೊಡಗಿತು. ಮೈಕ್ರೋಸ್ಕೋಪಿನ ಪರದೆ ಆರಲಿಲ್ಲ. ಸದ್ಯ, ಯುಪಿಎಸ್ ಇದೆ ಎಂದು ಬೆಂಗಳೂರಿನ ಅಭ್ಯಾಸಬಲದಿಂದ ಇಬ್ಬರೂ ನಿರಾಳವಾದೆವು. ಮರುಕ್ಷಣ ಪರದೆಯ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದೆವು.

ಟಾರ್ಚು ಹಿಡಿದು ಓಡಿದೆ. ಬ್ಯಾಟರಿಯ ಜಾಗ ಖಾಲಿ. ವೈರಿನ ತುದಿಗಳಿಗೆ ನಾನೇ ಸುತ್ತಿದ್ದ ಟೇಪು ಹಾಗೇ ಇತ್ತು. ಜನರೇಟರಿನ ಲೈನು ವಾರ್ಡುಗಳಿಗೆ ಮಾತ್ರ, ನಮಗಿಲ್ಲ. ಆದರೂ ಆ ಖಾಲಿ ಪೆಟ್ಟಿಗೆ ಕೂಗುತ್ತಲೇ ಇತ್ತು.

"ಮೇಡಂ, ಇದರೊಳಗೆ ಏನೂ..."

"ಶ್! ಬಾಯಿಬಿಟ್ಟು ಅನ್ಬೇಡಿ, ದೃಷ್ಟಿ ಆಗುತ್ತೆ. ಅದನ್ನ ನೋಡ್ಲೂ ಬೇಡಿ, ಈ ಕಡೆ ಬನ್ನಿ!"

ಅಷ್ಟು ಓದಿದ ಡಾಕ್ಟರ್! ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ಬಂದು ಗೋಡೆಗೆ ಮುಖಮಾಡಿ ನಿಂತೆ.

"ಕೊನೇ ಚಿತ್ರಾನೂ ಸಿಕ್ತು" ಎಂದರು ಶೈಲಜಾ. ಬೀಪ್ ನಿಂತಿತು. ಪರದೆಯೂ ಆರಿತು. ಕರೆಂಟು ಬಂದದ್ದು ಎಷ್ಟೋ ಹೊತ್ತಾದ ಮೇಲೆ.

ಒಳಗೆಲ್ಲೋ ಉಳಿದಿದ್ದ ಕರೆಂಟು ಎನ್ನೋಣವೆಂದರೆ, ಅದು ರೆಪ್ಪೆ ಬಡಿಯುವಷ್ಟು ಹೊತ್ತೂ ಬಾಳದು. ಶೈಲಜಾ ಆಮೇಲೆ ಆ ಮಾತೆತ್ತಲು ಬಿಡಲಿಲ್ಲ.

ಚಿತ್ರದಲ್ಲಿ ರೋಗ ಗೊತ್ತಾಯಿತು, ಔಷಧ ಕೆಲಸ ಮಾಡಿತು. ಮಗುವನ್ನು ಮನೆಗೆ ಕರೆದೊಯ್ಯುವ ದಿನ ಅದರ ತಾಯಿ ನನ್ನನ್ನು ಹುಡುಕಿಕೊಂಡು ಬಂದಳು. ಕರೆಂಟು ಹೋದಾಗ ಮಿಷನ್ನು ಕಾಪಾಡಿದವನು ನಾನೆಂದು ಯಾರೋ ಹೇಳಿದ್ದರಂತೆ. ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತ ಅತ್ತುಬಿಟ್ಟಳು. ಹೌದೆಂಬಂತೆ ತಲೆಯಾಡಿಸಿದೆ. ಆ ಥ್ಯಾಂಕ್ಸು ಯಾರಿಗೆ ಸೇರಬೇಕಾದದ್ದೋ, ಇಂದಿಗೂ ತಲುಪಿಸಿಲ್ಲ.