ದಾರಿ ಕೇಳಿದ ಸೋದರತ್ತೆ

ಯಾರಾದರೂ ಪತ್ರ ಓದುತ್ತಾರೆಂದರೆ ನಮ್ಮ ಸೋದರತ್ತೆ ಮೊದಲು ಬಲಗಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಓಲೆಯ ಭಾರಕ್ಕೆ ಕಿವಿ ಜೋತು, ಮಾತು ಸರಿಯಾಗಿ ಒಳಗೆ ಹೋಗುವುದಿಲ್ಲವಂತೆ. ಅಕ್ಷರ ಬಾರದು. ಆದರೆ ಒಮ್ಮೆ ಕೇಳಿದ ಪತ್ರ ವರ್ಷ ಕಳೆದರೂ ಬಾಯಲ್ಲಿರುತ್ತಿತ್ತು.

ನಾನಾಗ ಬಾಳೂರಿನ ಕಡೆ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಜಾವಳಿ ಹತ್ತಿರ ನಾಲ್ಕೆಕರೆ ಕಾಫಿ ತೋಟ ಮಾರಾಟಕ್ಕಿದೆ ಎಂದು ತಿಳಿದು, ಕೂಡಿಟ್ಟದ್ದನ್ನೆಲ್ಲ ಅದಕ್ಕೇ ಹಾಕಲು ಹೊರಟಿದ್ದೆ. ಮಾರುವವರು ಮನೆಗೇ ಬಂದು ಕ್ರಯಪತ್ರದ ಕರಡು ಓದಿದರು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೂ ಉತ್ತರಕ್ಕೂ ಅವರ ಅಣ್ಣನ ತೋಟ, ದಕ್ಷಿಣಕ್ಕೆ ಸರ್ಕಾರಿ ಕಾಡು.

"ಒಳಗೆ ಹೋಗೋದು ಎಲ್ಲಿಂದ?" ಅತ್ತೆ ಕೇಳಿದರು.

"ಅಣ್ಣನ ತೋಟದಲ್ಲೇ ಓಡಾಡ್ತೀವಿ. ಯಾರೂ ಬೇಡ ಅನ್ನಲ್ಲ."

"ನೀವು ತಮ್ಮ. ಇವ್ನು ಯಾರು?"

ನನಗೆ ನಾಚಿಕೆಯಾಯಿತು. ಮರುದಿನವೇ ಅತ್ತೆ ನನ್ನನ್ನು ಎಳೆದುಕೊಂಡು ಆ ಅಣ್ಣನ ಮನೆಗೆ ಹೋದರು. ಅಣ್ಣತಮ್ಮಂದಿರು ಮಾತು ಬಿಟ್ಟು ಹತ್ತು ವರ್ಷವಾಗಿದೆ ಎಂದು ತಿಳಿದದ್ದು ಅಲ್ಲಿ.

"ನನಗೆ ತಮ್ಮನೇ ಇಲ್ಲ," ಅಂದರು ಆತ.

ಅತ್ತೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿದರು. "ಒಂದು ಗಾಡಿ ದಾರಿ ಬರೆದುಕೊಡಿ. ದಾರಿ ಇಲ್ದ ತೋಟ ಯಾರೂ ಕೊಳ್ಳಲ್ಲ. ಆಮೇಲೆ ಆ ಇಲ್ದ ತಮ್ಮ ಸಾಯೋ ತನಕ ನಿಮ್ಮ ಪಕ್ಕದಲ್ಲೇ ಇರ್ತಾರೆ."

ಅತ್ತೆ ಎಲೆ ಅಗಿದು ಮುಗಿಸುವವರೆಗೂ ಆತ ಯೋಚಿಸಿ ಒಪ್ಪಿದರು.

ಮೂಡಿಗೆರೆಯ ಕಚೇರಿಯಲ್ಲಿ ಬೆಂಚಿನ ಒಂದೊಂದು ತುದಿಗೆ ಅಣ್ಣತಮ್ಮಂದಿರು ಒಬ್ಬೊಬ್ಬರು, ನಡುವೆ ಅತ್ತೆ. ದಾರಿ ಬರೆದುಕೊಟ್ಟು ಸಾಕ್ಷಿಗೂ ನಿಂತಿದ್ದ ಅಣ್ಣನನ್ನು ಸಬ್ ರಿಜಿಸ್ಟ್ರಾರರು ಕೇಳಿದರು: "ಮಾರುವವರ ಗುರುತು ನಿಮಗಿದೆಯೇ?"

"ಎಲ್ಲೋ ನೋಡಿದ ಹಾಗಿದೆ."

ಸಾಹೇಬರು ಲೇಖನಿ ಕೆಳಗಿಟ್ಟರು. ಅತ್ತೆ ಮೆಲ್ಲಗೆ, "ಎಲ್ಲಿ ನೋಡಿದ್ದು ಅಂತ ಸಾಹೇಬ್ರಿಗೆ ಹೇಳಿಬಿಡಿ," ಅಂದರು.

ಆತ ಗೋಡೆಯ ಕಡೆ ತಿರುಗಿದರು. ಆಮೇಲೆ, "ತೊಟ್ಟಿಲಲ್ಲಿ," ಅಂದರು.

ಕಚೇರಿಯವರೆಲ್ಲ ನಕ್ಕರು. ತಮ್ಮ ಮಾತ್ರ ತಲೆ ತಗ್ಗಿಸಿಯೇ ಸಹಿ ಹಾಕಿದರು. ರಾಜಿಯೇನೂ ಆಗಲಿಲ್ಲ, ಹೊರಗೆ ಬಂದು ಇಬ್ಬರೂ ಬೇರೆ ಬೇರೆ ಗಾಡಿ ಹತ್ತಿದರು. ನನ್ನ ತೋಟಕ್ಕೆ ಮಾತ್ರ ಛಾಪಾ ಕಾಗದದ ಮೇಲೆ ದಾರಿ ಬಂತು.

ಕೆಲವು ವರ್ಷಗಳ ನಂತರ ಅತ್ತೆ ಹಾಸಿಗೆ ಹಿಡಿದರು. ತೋಟದಲ್ಲಿ ಒಂದೆಕರೆ ಅವರ ಹೆಸರಿಗೆ ಬರೆಯುತ್ತೇನೆ, ಅಷ್ಟಾದರೂ ಋಣ ತೀರಲಿ ಅಂದೆ.

"ಸಾಯೋರ ಹೆಸರಿಗೆ ಬರೀಬೇಡ ಮಾರಾಯ," ಅಂದರು. "ಆಮೇಲೆ ಖಾತೆ ಬದಲಾಯಿಸ್ಲಿಕ್ಕೆ ತಾಲೂಕು ಕಚೇರಿಗೆ ಅಲೆಯೋನು ನೀನೇ."

ಮೂರನೆಯ ದಿನ ತೀರಿಕೊಂಡರು. ಋಣ ಇನ್ನೂ ನನ್ನ ಹೆಸರಿನಲ್ಲೇ ಇದೆ.